ಹೊಲಿಗೆಗೆ ಒಂದು ಬೆರಳಗಲ

ನನ್ನ ಸೊಸೆ ತಗಡನ್ನು ಬಟ್ಟೆ ಕತ್ತರಿಸಿದ ಹಾಗೆ ಕತ್ತರಿಸಿ ಬಂದಳು. ಈಗ ಹೇಳಿದರೆ ಎಲ್ಲರೂ ನಗುತ್ತಾರೆ, ಅವತ್ತು ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಗಾರ್ಮೆಂಟ್ಸ್ ಮುಚ್ಚುವವರೆಗೂ ಅವಳು ಅಲ್ಲಿ ಹೊಲಿಯುತ್ತಿದ್ದಳು. ನನ್ನ ಮಗ ತೀರಿಕೊಂಡ ಮೇಲೆ ನಾನು, ಅವಳು, ಮೊಮ್ಮಗಳು ಪುಟ್ಟಿ, ಮೂವರ ಹೊಟ್ಟೆ ತುಂಬುತ್ತಿದ್ದದ್ದು ಆ ಮಷೀನಿನಿಂದಲೇ. ಅದು ಹೋದ ಮೇಲೆ ವೆಲ್ಡಿಂಗ್ ಕಲಿಯಲು ಸೇರಿದಳು. ಮಕ್ಕಳಿರುವವರು ಹೊಸ ಕಸುಬು ಕಲಿಯುವಷ್ಟು ಕಾಲ ಅವರ ಮನೆಗೆ ಸರ್ಕಾರ ತಿಂಗಳು ತಿಂಗಳು ಭತ್ಯೆ ಕೊಡುತ್ತಿತ್ತು. ಬಾಡಿಗೆ, ಪುಟ್ಟಿಯ ಶಾಲೆ, ನನ್ನ ಮಾತ್ರೆ ಎಲ್ಲವೂ ಅದರಲ್ಲೇ ಆಗಬೇಕು. ನಡುವೆ ಒಂದು ಪರೀಕ್ಷೆ. ಎರಡು ಸಲ ನಪಾಸಾದರೆ ಭತ್ಯೆಯೂ ನಿಂತಂತೆ, ಕಲಿಯುವುದೂ ನಿಂತಂತೆ. ಪಕ್ಕದ ಮನೆಯಾಕೆ ಮೂಗು ಮುರಿದು, ಹೆಂಗಸು ಕಬ್ಬಿಣ ಬೆಸೆಯುವುದುಂಟೇ ಎಂದಳು. ನಿನ್ನ ಬಾಯಿಗೇ ಮೊದಲ ಬೆಸುಗೆ ಹಾಕಿಸುತ್ತೇನೆ ಎಂದೆ. ಆಮೇಲೆ ಅವಳು ನಮ್ಮ ಬಾಗಿಲಿಗೆ ಬಂದದ್ದು ಕಡಿಮೆ.

ಪರೀಕ್ಷೆಗೆ ತಗಡಿನ ತೊಟ್ಟಿ ಮಾಡಬೇಕಿತ್ತು. ಅವಳ ಬೆಸುಗೆಯೇನೋ ಚೆನ್ನಾಗಿಯೇ ಇತ್ತಂತೆ. ಆದರೆ ತೊಟ್ಟಿ ಅಳತೆಯ ಚೌಕಟ್ಟಿನೊಳಗೆ ಇಳಿಯಲೇ ಇಲ್ಲ, ಮೊದಲ ಸಲ ನಪಾಸು. ಪ್ರತಿ ತುಂಡನ್ನೂ ಗೆರೆಗಿಂತ ಒಂದು ಬೆರಳಗಲ ಆಚೆಗೆ ಕತ್ತರಿಸಿದ್ದಳು, ಬಟ್ಟೆಯಲ್ಲಿ ಹೊಲಿಗೆಗೆ ಬಿಡುವ ಹಾಗೆ. ಇಷ್ಟು ವರ್ಷ ಮಾಡಿದ್ದನ್ನೇ ಕೈ ತಾನಾಗಿ ಮಾಡಿತ್ತು. ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತಳು.

"ಅತ್ತೆ, ನನ್ ಕೈ ನನ್ ಮಾತೇ ಕೇಳ್ತಿಲ್ಲ."

"ಕೇಳ್ದೆ ಎಲ್ಲಿಗ್ ಹೋಗುತ್ತೆ? ನಾವು ಕೇಳಿಸ್ತೀವಿ," ಎಂದೆ.

ಪುಟ್ಟಿ ಅಂಗಡಿ ಅಂಗಡಿ ತಿರುಗಿ ಖಾಲಿ ರಟ್ಟಿನ ಪೆಟ್ಟಿಗೆ ಹೊತ್ತು ತಂದಳು. ಸಂಜೆಯಾದರೆ ಅಡುಗೆಮನೆಯ ನೆಲವೇ ನಮ್ಮ ಶಾಲೆ. ಸೊಸೆ ರಟ್ಟು ಕತ್ತರಿಸಿ ಅಂಚಿಗೆ ಅಂಚು ಕೂಡಿಸಿ ಅಂಟಿಸುವಳು. ಕತ್ತರಿ ಗೆರೆ ದಾಟಿತೋ, ನಾನು ಚಮಚದಿಂದ ತಟ್ಟೆ ಬಾರಿಸುವೆ. ಒಂದು ದಿನ ಅವಳು ರೇಗಿ ಚಮಚವನ್ನೇ ಬಚ್ಚಿಟ್ಟಳು. ನಾನು ಸೌಟು ತೆಗೆದುಕೊಂಡೆ. ಮನೆ ತುಂಬ ಅಂಕುಡೊಂಕು ಡಬ್ಬಿಗಳಾದವು, ಬರಬರುತ್ತಾ ಅವು ನೆಟ್ಟಗಾದವು.

ಎರಡನೇ ಪರೀಕ್ಷೆಯ ದಿನ ಶೆಡ್ಡಿನ ಜಾಲರಿಯ ಹೊರಗೆ ನಾನೂ ಪುಟ್ಟಿಯೂ ನಿಂತೆವು. ಸೊಸೆ ತಗಡಿನ ಮೇಲೆ ಸೀಮೆಸುಣ್ಣ ಎಳೆದಳು. ಅಳತೆಯ ಗೆರೆ ಮುಗಿದ ಮೇಲೂ ಕೈ ನಿಲ್ಲಲಿಲ್ಲ, ಒಂದು ಬೆರಳಗಲ ಆಚೆಗೆ ಇನ್ನೊಂದು ಗೆರೆ ಎಳೆಯತೊಡಗಿತು. ಕೂಗಿಬಿಡಲು ನಾಲಿಗೆ ತುರಿಸುತ್ತಿತ್ತು, ಪುಟ್ಟಿ ನನ್ನ ತೋಳು ಚಿವುಟಿ ಸುಮ್ಮನಾಗಿಸಿದಳು. ಅಷ್ಟರಲ್ಲಿ ಸೊಸೆಯೇ ಕೈ ನಿಲ್ಲಿಸಿದಳು. ಆಚೆಯ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದಳು. ಒಳಗಿನ ಗೆರೆಯ ಮೇಲೇ ಕತ್ತರಿಸಿದಳು.

ಬೆಸೆದು ಮುಗಿಸಿದಾಗ ಕಲಿಸುವ ಮೇಷ್ಟ್ರು ತೊಟ್ಟಿಯನ್ನು ಚೌಕಟ್ಟಿಗೆ ಇಳಿಸಿದರು. ಸಲೀಸಾಗಿ ಕೂತಿತು. ಹೊರತೆಗೆದು, ಹಳೇ ಪತ್ರಿಕೆಯ ಮೇಲಿಟ್ಟು, ಅಂಚಿನವರೆಗೂ ನೀರು ತುಂಬಿ ಕಾದರು. ಆಮೇಲೆ ಪತ್ರಿಕೆ ಎಳೆದು ನಮ್ಮ ಕಡೆಗೇ ಎತ್ತಿ ಹಿಡಿದರು. ಒಂದು ಹನಿಯ ಕಲೆಯೂ ಇಲ್ಲ. ಪುಟ್ಟಿ ಕುಣಿದಳು. ನಾನು ಜಾಲರಿ ಹಿಡಿದುಕೊಂಡು ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಕಲಿಕೆ ಮುಗಿಯುವವರೆಗೂ ಭತ್ಯೆ ತಪ್ಪಲಿಲ್ಲ. ಈಗ ಅವಳು ಟ್ಯಾಂಕರ್ ಮಾಡುವ ಕಾರ್ಖಾನೆಯಲ್ಲಿ ವೆಲ್ಡರ್. ಮೊನ್ನೆ ರಜೆಯ ದಿನ ಪುಟ್ಟಿಗೆ ಸ್ಕರ್ಟ್ ಹೊಲಿದಳು. ಹುಡುಗಿ ಉಸಿರು ಬಿಗಿ ಹಿಡಿದರೂ ಅದು ಸೊಂಟಕ್ಕೆ ಏರಲಿಲ್ಲ. ಸೊಸೆ ಅದನ್ನು ಮಗುಚಿ ನೋಡಿ, ನೆಲದ ಮೇಲೆ ಕುಸಿದು ನಗತೊಡಗಿದಳು.

"ಅತ್ತೆ, ಹೊಲಿಗೆಗೆ ಬಿಡೋದನ್ನೇ ಮರ್ತುಬಿಟ್ಟೆ."

"ಹೋಗ್ಲಿ ಬಿಡು, ಅಂಗಡೀಲಿ ತರೋಣ. ವೆಲ್ಡರ್ ಮಗಳಿಗೆ ಏನ್ ಕಮ್ಮಿ?" ಎಂದು, ಸೌಟು ತೆಗೆದುಕೊಂಡು ತಟ್ಟೆಗೆ ಬಲವಾಗಿ ಬಾರಿಸಿದೆ.