ಆಸ್ಟಿನ್ನಿನ ಕಾಲ್ಗುಣ

ಆ ಆಸ್ಟಿನ್ ಕಾರಿನ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಸಿಟ್ಟು ನೆತ್ತಿಗೇರಿದ್ದು ದ್ರೌಪದಿಬಾಯಿ ಬಾಯಿ ತೆರೆದ ಮೇಲೆ.

ಪೆದ್ದೆಮುಲ್ ದಾಟಿ ಏರು ಹತ್ತುವಾಗ ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ಬಿಸಿ ತೋರಿಸುವ ಮೀಟರಿನ ಮುಳ್ಳು ಕೊನೆಯ ಗೆರೆಗೆ ಹೋಗಿ ಅಂಟಿಕೊಂಡಿತ್ತು. ನಿಲ್ಲಿಸಿರಿ ಎಂದು ಎರಡು ಸಲ ಹೇಳಿದೆ. ಸ್ಟೇರಿಂಗ್ ಹಿಡಿದಿದ್ದವರು ವರನ ಕಾಕಾ ಹಣಮಂತರಾಯರು. ಯಾವುದೋ ಜಾಗೀರದಾರನ ದೇವಡಿ ಬಂಗಲೆಯಿಂದ ಆ ಕಾರನ್ನು ಕೊಂಡು ತಂದಿದ್ದ ಧಣಿ. ತಾಂಡೂರಿನ ಲಾರಿ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿಯುವ ನನ್ನಂಥವನ ಮಾತಿಗೆ ಬ್ರೇಕ್ ಒತ್ತಿದರೆ ಅವರ ಮೀಸೆ ಏನಾಗಬೇಕು? ಒತ್ತಲಿಲ್ಲ. ಕಾರು ತಾನೇ ನಿಂತಿತು.

ಹಿಂದಿನ ಸೀಟಿನಲ್ಲಿ ಮದುಮಗಳು, ನನ್ನ ತಂಗಿ ಕೌಶಲ್ಯಾ. ಪಕ್ಕದಲ್ಲಿ ಅವಳ ಗಂಡ ಆತ್ಮಾರಾಮ. ಇಬ್ಬರ ನಡುವೆ ಗೋಡೆಯಂತೆ ಅವನ ಸೋದರತ್ತೆ ದ್ರೌಪದಿಬಾಯಿ. ಮುಂಜಾನೆ ಯಾಲಾಲಿನ ನಮ್ಮ ಮನೆಯ ಮುಂದೆ ಅಕ್ಷತೆ ಬಿದ್ದಿತ್ತು. ಈಗ ಅವಳನ್ನು ಜಹೀರಾಬಾದಿಗೆ ಒಯ್ಯುತ್ತಿದ್ದರು. ಹುಡುಗಿಯ ಜತೆ ತವರಿನವನೊಬ್ಬ ಹೋಗಬೇಕೆಂದು ನಾನು ಮುಂದೆ ಕೂತಿದ್ದೆ.

"ಇಷ್ಟು ವರ್ಷ ಆತು, ಈ ಗಾಡಿ ಒಮ್ಮಿನೂ ದಾರ್ಯಾಗ ನಿಂತಿದ್ದಿಲ್ಲ," ಎಂದರು ದ್ರೌಪದಿಬಾಯಿ. "ಇಕಿ ಕಾಲಿಟ್ಟಳು, ಹೊಗಿ ಎದ್ದಿತು."

"ಹೊಗಿ ಅಲ್ಲ ಅತ್ತಿ, ನೀರಿನ ಹಬಿ ಅದು," ಎಂದೆ ನಾನು.

"ಏನರೆ ಇರವಲ್ದ್ಯಾಕ. ಎದ್ದದ್ದಂತೂ ಎದ್ದದಲ್ಲ?"

ಅಷ್ಟರಲ್ಲಿ ಬೀಗರ ಬಸ್ಸೂ ಹಿಂದಿನಿಂದ ಬಂದು ನಿಂತಿತು. ಜರಿ ರುಮಾಲು, ಜರಿ ಸೀರೆ, ಅಳುವ ಕೂಸು ಎಲ್ಲ ಇಳಿದವು. ದ್ರೌಪದಿಬಾಯಿಗೆ ಬೇಕಾದದ್ದೇ ಅದು. ಸೆರಗು ಸರಿಮಾಡಿಕೊಂಡು ದಾರಿಯ ನಡುವೆ ನಿಂತು ತೀರ್ಪು ಕೊಟ್ಟೇಬಿಟ್ಟರು: "ಇಂಥಾ ಕಾಲ್ಗುಣದ ಹುಡುಗಿನ ಹೊಸ್ತಿಲ ದಾಟಿಸೋದು ಬ್ಯಾಡ. ಇದೇ ಬಸ್ನ್ಯಾಗ ವಾಪಸ್ ಯಾಲಾಲಕ್ಕ ಕಳಸ್ರಿ. ಶಾಸ್ತ್ರಿಗಳಿಗೆ ಕೇಳಿ, ಶಾಂತಿ ಮಾಡ್ಸಿ, ಆಮ್ಯಾಲ ನೋಡೋಣ." ಬಸ್ಸಿನಿಂದ ಇಳಿದ ಮುದುಕನೊಬ್ಬ "ಹೌದ್ರಿ, ವಾಪಸ್ ಕಳಸ್ರಿ," ಎಂದು ದನಿಗೂಡಿಸಿದ.

ಆಮೇಲೆ ನೋಡೋಣ ಅನ್ನುವವರು ನೋಡುವುದಿಲ್ಲ. ನಮ್ಮ ಓಣಿಯ ಸಕ್ಕುಬಾಯಿಯನ್ನು ಹೀಗೆಯೇ ಕಳಿಸಿದ್ದರು. ಅವಳ ತಲೆ ಅರ್ಧ ಬೆಳ್ಳಗಾಗಿದೆ, ಇನ್ನೂ ತವರಿನ ಪಡಸಾಲೆಯಲ್ಲಿ ಹಪ್ಪಳ ಲಟ್ಟಿಸುತ್ತಿದ್ದಾಳೆ. ಆತ್ಮಾರಾಮನ ಕಡೆ ನೋಡಿದೆ. ಬಾಸಿಂಗ ಕಟ್ಟಿಕೊಂಡ ಗಂಡು, ಹೊಸ ಕೈಗಡಿಯಾರಕ್ಕೆ ಕೀಲಿ ಕೊಡುತ್ತ ನಿಂತಿದ್ದ.

"ಗಾಡಿ ಯಾಕ ಕಾದದ ಅಂತ ತೋರಸ್ತೀನಿ. ಅಲ್ಲೀತನಕ ನನ್ನ ತಂಗಿನ ಯಾರೂ ಮುಟ್ಟಬ್ಯಾಡ್ರಿ," ಎಂದು ಅಂಗಿಯ ತೋಳು ಮಡಿಚಿದೆ.

"ನೋಡ್ರಪ್ಪೋ, ಆರನೇತ್ತ ಪಾಸಾಗದವ ನಮ್ಮ ಆಸ್ಟಿನ್ ಬಿಚ್ತಾನಂತ!" ಹಣಮಂತರಾಯರು ನಕ್ಕರು. ಬಸ್ಸಿನವರೂ ನಕ್ಕರು.

ನಾನು ನಪಾಸಾಗಿರಲಿಲ್ಲ. ಮಾಸ್ತರನ ಬೆತ್ತ ಕಸಿದು ಮುರಿದು ಹೊರಗೆ ಬಂದಿದ್ದೆ. ಅದನ್ನು ಇವರಿಗೆ ಯಾಕೆ ಹೇಳಬೇಕು? ಬಾನೆಟ್ ಎತ್ತಿದೆ.

ಯಾರೋ ಹೊಲದ ಬಾವಿಯಿಂದ ಕೊಡ ತುಂಬಿಸಿ ತಂದರು. ಹಣಮಂತರಾಯರು ಅದನ್ನು ಕಸಿದುಕೊಂಡು ನೇರ ಇಂಜಿನ್ನಿನ ಮೇಲೆ ಸುರಿಯಲು ಹೋದರು. ಅವರ ಮಣಿಕಟ್ಟು ಹಿಡಿದೆ.

"ಕೈ ಬಿಡಲೇ!"

"ಕಾದ ಕಬ್ಬಿಣಕ್ಕ ತಣ್ಣೀರು ಬಿದ್ರ ಇಂಜಿನ್ ಸೀಳ್ತದರಿ ಮಾವಾ. ಆಮ್ಯಾಲ ಎತ್ತಿಗಿ ಕಟ್ಟಿ ಎಳಕೊಂಡು ಹೋಗ್ರಿ, ಊರೆಲ್ಲಾ ನೋಡ್ಲಿ."

ಊರು ನೋಡುತ್ತದೆ ಅಂದಮೇಲೆ ಕೊಡ ಕೆಳಗಿಳಿಯಿತು.

ಮೊದಲು ಫ್ಯಾನಿನ ಬೆಲ್ಟ್ ಸಡಿಲಾಗಿರಬೇಕು ಅಂದುಕೊಂಡೆ. ಬೆರಳಿನಿಂದ ಒತ್ತಿದೆ, ಬಿಗಿಯಾಗಿತ್ತು. "ಸಿಕ್ಕಿತೇನೋ ಮಿಸ್ತ್ರಿ?" ಎಂದರು ಹಣಮಂತರಾಯರು. ಆಮೇಲೆ ರಬ್ಬರ್ ಪೈಪ್ ಎಲ್ಲಿಯಾದರೂ ಒಡೆದಿದೆಯೇನೋ ಎಂದು ಉದ್ದಕ್ಕೂ ಸವರಿ ನೋಡಿದೆ. ಗಟ್ಟಿಯಾಗಿತ್ತು. "ಪೈಪಿನ್ಯಾಗೂ ಇಲ್ಲ, ಬೆಲ್ಟಿನ್ಯಾಗೂ ಇಲ್ಲ. ದೋಷ ಹಿಂದಿನ ಸೀಟಿನ್ಯಾಗ ಕುಂತದ," ಎಂದರು ದ್ರೌಪದಿಬಾಯಿ. ಕೈಯಲ್ಲಿದ್ದ ಪಾನಾ ಅವರ ಕಡೆ ಹೋಗದಂತೆ ತಡೆಯುವುದೇ ಆಗ ದೊಡ್ಡ ಕೆಲಸವಾಗಿತ್ತು.

ಹಬೆ ಇಳಿದ ಮೇಲೆ ಹೆಗಲ ಟವೆಲ್ ಹಸಿ ಮಾಡಿ ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಇಂಜಿನ್ನಿನ ಬಿಸಿನೀರು ಮೇಲಿನ ತೊಟ್ಟಿಗೆ ಬಂದು, ಸಣ್ಣ ಸಣ್ಣ ಕೊಳವೆಗಳಲ್ಲಿ ಇಳಿಯುತ್ತ ಆರಬೇಕು. ಬೊಗಸೆಯಷ್ಟು ನೀರು ಹಾಕಿದೆ. ಬಾಯಿಗೆ ಬಂದು ನಿಂತುಬಿಟ್ಟಿತು, ಇಳಿಯಲಿಲ್ಲ. ಮೇಲಿನ ತೊಟ್ಟಿ ಕೈ ಸುಡುತ್ತಿತ್ತು, ಕೆಳಗಿನ ಪೈಪ್ ಮಾತ್ರ ತಣ್ಣಗಿತ್ತು. ನಡುವೆ ಏನೋ ಸಿಕ್ಕಿ ಅದರ ಗಂಟಲು ಕಟ್ಟಿತ್ತು.

ಮೂಗು ಹತ್ತಿರ ಒಯ್ದೆ. ತುಕ್ಕಿನ ವಾಸನೆ ಬರಬೇಕಿತ್ತು, ಇಲ್ಲ ಸುಟ್ಟ ಎಣ್ಣೆಯದು. ಬಂದದ್ದು ಮದುವೆ ಅಡುಗೆಯ ವಾಸನೆ.

ಮೇಲಿನ ಪೈಪಿನ ಕ್ಲಿಪ್ ಬಿಚ್ಚಿ, ಎಳೆದು, ತೊಟ್ಟಿಯೊಳಗೆ ಎರಡು ಬೆರಳು ಹಾಕಿದೆ. ಮೆತ್ತಗೆ ಏನೋ ಹತ್ತಿತು. ಹೊರಗೆ ತೆಗೆದರೆ ಅನ್ನ. ಹಳದಿ ಅನ್ನ, ಅಗಳು ಅಗಳಾಗಿ ಅರಳಿ ಬೆಂದಿತ್ತು. ಮತ್ತೆ ಬೆರಳು ಹಾಕಿದೆ. ಒಂದು ಅರಿಶಿಣ ಕೊಂಬು. ಮತ್ತೊಮ್ಮೆ ಹಾಕಿದರೆ, ಕುದ್ದು ಕುದ್ದು ಹೆಬ್ಬೆರಳಿನಷ್ಟು ಉಬ್ಬಿದ ಉತ್ತತ್ತಿ.

ಅಕ್ಕಿ, ಅರಿಶಿಣ ಕೊಂಬು, ಉತ್ತತ್ತಿ. ಹೆಣ್ಣುಮಗಳನ್ನು ಕಳಿಸಿಕೊಡುವಾಗ ಅವಳ ಸೆರಗಿನಲ್ಲಿ ಉಡಿ ತುಂಬುವ ಸಾಮಾನು! ಬೆಳಿಗ್ಗೆ ನಮ್ಮ ಅಂಗಳದಲ್ಲಿ ಹಣಮಂತರಾಯರು ನೀರು ಹಾಕಲೆಂದು ಮುಚ್ಚಳ ತೆಗೆದು, ಹಾಗೇ ಬಿಟ್ಟು ಪಾನ್ ಹಾಕಿಕೊಳ್ಳಲು ಹೋಗಿದ್ದರು. ನಾನು ಡಿಕ್ಕಿಯಲ್ಲಿ ಟ್ರಂಕು ಇಡುತ್ತಿದ್ದೆ. ಕಾರಿನ ಮುಂದೆ ಕೌಶಲ್ಯಾಳಿಗೆ ಉಡಿ ತುಂಬುತ್ತಿದ್ದವರು ಒಬ್ಬರೇ, ದ್ರೌಪದಿಬಾಯಿ. ಆ ಕಾರನ್ನು ಅವರು ಯಾವತ್ತೂ 'ನಮ್ಮ ಮನೀ ಲಕ್ಷ್ಮಿ' ಅಂತಲೇ ಕರೆಯುವುದು. ಲಕ್ಷ್ಮಿಗೆ ಖಾಲಿ ಉಡಿ ಹೇಗೆ ನಡೆದೀತು? ಬಾಯಿ ತೆರೆದುಕೊಂಡು ನಿಂತಿದ್ದಳಲ್ಲ, ತುಂಬಿದ್ದರು.

ಅಂಗೈ ತುಂಬ ಆ ಅನ್ನ ಹಿಡಿದು ಎಲ್ಲರ ನಡುವೆ ಬಂದೆ.

"ನೋಡ್ರಿ! ನನ್ನ ತಂಗಿ ಕಾಲ್ಗುಣ ಇಲ್ಲಿ ಬೆಂದದ. ಇದನ್ನ ಗಾಡಿ ಬಾಯಾಗ ಹಾಕಿದವರು ಯಾರು? ಹೇಳ್ರಿ!"

ಯಾರೂ ನಗಲಿಲ್ಲ. ದ್ರೌಪದಿಬಾಯಿಯ ಮುಖದ ಬಣ್ಣ ಹೋಯಿತು. ಆಹಾ, ಎಂಥ ಸುಖ! ಹೆಸರು ಹಿಡಿದು ಕೂಗಬೇಕೆಂದು ಎದೆತುಂಬ ಉಸಿರು ಎಳೆದುಕೊಂಡೆ.

"ಅಣ್ಣಾ," ಎಂದಳು ಕೌಶಲ್ಯಾ ಕಾರಿನೊಳಗಿಂದ. ಮುಂಜಾನೆಯಿಂದ ಅವಳು ಆಡಿದ ಮೊದಲ ಮಾತು. "ಚೀರಬ್ಯಾಡ. ಅತ್ತಿಯವರು ನನಗ ಹ್ಯಾಂಗ ತುಂಬಿದ್ರು, ಗಾಡಿಗೂ ಹಂಗೇ ಉಡಿ ತುಂಬ್ಯಾರ. ಚಲೋ ಆಗ್ಲಿ ಅಂತನೇ ತುಂಬ್ಯಾರ."

ಆ ಮಾತಿಗೆ ದ್ರೌಪದಿಬಾಯಿಗೆ ಜೀವ ಬಂತು.

"ಹೌದವ್ವಾ ನನ್ನವ್ವಾ! ಲಕ್ಷ್ಮಿ ಉಡೀ ಅಕ್ಕಿನ ಅನ್ನ ಮಾಡಿ ಕೊಟ್ಟಾಳ! ಸೊಸಿ ಬಂದ ದಿನನೇ ಗಾಡಿ ಅನ್ನ ಬೇಯಿಸಿತು ಅಂದ್ರ ಈಕಿ ಕೈಗುಣ ಎಂಥಾದ್ದಿರಬೇಕ್ರಿ!"

ಬಸ್ಸಿನವರ ತಲೆಗಳೆಲ್ಲ ಅಲ್ಲಾಡಿದವು. ಈಗಷ್ಟೇ ವಾಪಸ್ ಕಳಿಸಿರಿ ಅಂದಿದ್ದ ಅದೇ ಮುದುಕ ಕೈ ಮುಗಿದು ಒಂದು ಅಗಳು ಕಣ್ಣಿಗೊತ್ತಿಕೊಂಡ. ನಾನು ದ್ರೌಪದಿಬಾಯಿಯ ಎದುರಿಗೆ ಹೋಗಿ ನಿಂತೆ.

"ಹಂಗಂದ್ರ ಆಗ ಅಂದದ್ದು? ದೋಷ ಹಿಂದಿನ ಸೀಟಿನ್ಯಾಗ ಅಂದ್ರಲ್ಲ, ಅದನ್ನ ಹೊಳ್ಳಿ ತಗೋರಿ ಅತ್ತಿ!"

"ನಾ ಏನಂದೆ? ಹಂಗೆಲ್ಲಿ ಅಂದೀನಿ? ಹುಡುಗಗ ಬಿಸಿಲು ಹತ್ಯಾದ, ನೀರು ಕೊಡ್ರೇ."

ಕಾರಿನ ಕಿಟಕಿಗೆ ಬಾಗಿದೆ. "ನೀ ನೋಡಿದ್ದೇನ?"

"ಬಾಜೂಕೇ ನಿಂತಿದ್ನಲ್ಲ, ನೋಡೀನಿ."

"ಮತ್ಯಾಕ ಬಾಯಿ ಮುಚ್ಚಿ ಕುಂತಿ? ನಿನ್ನ ವಾಪಸ್ ಕಳಸ್ತಿದ್ರು!"

"ನಾ ಹೇಳಿದ್ರ ಹೊಸಾ ಸೊಸಿ ಬಾಯಿ ಭಾಳ ಅಂತಿದ್ರು. ನೀ ಹೆಂಗೂ ಹುಡುಕತಿ ಅಂತ ಗೊತ್ತಿತ್ತು." ದನಿ ಇನ್ನೂ ಇಳಿಯಿತು. "ನೀ ನಾಳಿಗಿ ತಾಂಡೂರಕ್ಕ ಹೋಗ್ತಿ. ನಾ ಇಕಿ ಸಂಗಟ ಒಂದೇ ಒಲಿ ಮುಂದ ಕೂಡಬೇಕು."

ಕೆಳಗಿನ ಪೈಪಿನಿಂದ ಹಿಮ್ಮುಖವಾಗಿ ನೀರು ಹೊಯ್ದು ಹೊಯ್ದು ಕೊಳವೆಗಳನ್ನು ತೊಳೆದೆ. ಕೊಡಗಟ್ಟಲೆ ಹಿಡಿಯಿತು. ಹಳದಿ ಹೋಗಿ ತಿಳಿನೀರು ಬಂದ ಮೇಲೆ ಪೈಪ್ ಕಟ್ಟಿ, ತುಂಬಿಸಿ, ಕಾರು ಸುರು ಮಾಡಿಸಿದೆ. ಮುಳ್ಳು ನಡುವೆ ಬಂದು ನಿಂತಿತು. ಹಣಮಂತರಾಯರು ಭಲೇ ಅನ್ನಲಿಲ್ಲ. "ಗಾಡಿನೇ ಗಟ್ಟಿ ಅದ," ಅಂದರು.

ಮುಚ್ಚಳ ತಿರುಗಿಸಬೇಕು ಅನ್ನುವಷ್ಟರಲ್ಲಿ ದ್ರೌಪದಿಬಾಯಿ ಮುಷ್ಟಿ ತುಂಬ ಅಕ್ಕಿ ಹಿಡಿದು ಬಂದರು.

"ಬಾಜೂಕ ಸರಿ ತಮ್ಮಾ. ಉಡಿ ಖಾಲಿ ಆಗ್ಯಾದ. ಖಾಲಿ ಉಡಿಲೇ ಮನಿಗಿ ಹೋಗಬಾರದು."

ಮುಚ್ಚಳ ಬಿಗಿದು ಅದರ ಮೇಲೆ ಎರಡೂ ಕೈ ಇಟ್ಟೆ. "ನನ್ನ ಹೆಣ ದಾಟಿ ಹಾಕ್ರಿ!"

"ಹಂಗಾದ್ರ ನೀನೇ ಹಿಡಿ. ಗಾಡಿಗಿ ಅಣ್ಣ ಇದ್ದಂಗ ನೀ."

ಅಂಗಿಯ ಚುಂಗು ಎಳೆದು ಅಕ್ಕಿ, ಅರಿಶಿಣ ಕೊಂಬು, ಉತ್ತತ್ತಿ ಎಲ್ಲ ಅದರೊಳಗೆ ಸುರಿದೇಬಿಟ್ಟರು. ಹೆಂಗಸರು ಕಿಸಕ್ಕನೆ ನಕ್ಕರು. ಕೊಡವಿ ಅವರ ಮುಖಕ್ಕೇ ಎಸೆಯಲು ಚುಂಗು ಎತ್ತಿದೆ. ಬಾನೆಟ್ಟಿನ ಅಂಚಿನಾಚೆ ಗಾಜಿನ ಹಿಂದೆ ಕೌಶಲ್ಯಾ ನನ್ನನ್ನೇ ನೋಡುತ್ತಿದ್ದಳು.

ಎಸೆಯಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಬಸುರಿಯಂತೆ ಎರಡೂ ಕೈಯಿಂದ ಉಡಿ ಹಿಡಿದುಕೊಂಡು, ಮುಳ್ಳಿನ ಮೇಲೆ ಕಣ್ಣಿಟ್ಟು, ಜಹೀರಾಬಾದಿನವರೆಗೂ ಒಂದು ಕಾಳು ಕೆಳಗೆ ಬೀಳದಂತೆ ಹೋದೆ. ಗುಂಡಿ ಬಂದಾಗಲೆಲ್ಲ ಹಿಂದಿನಿಂದ ದ್ರೌಪದಿಬಾಯಿ ಹೇಳುತ್ತಿದ್ದರು: "ಬರೋಬ್ಬರಿ ಹಿಡಿ, ತಮ್ಮಾ."