ಆರು ಗಂಟೆಯೊಳಗೆ ಬುಕ್ ಮಾಡಬೇಕಿದ್ದ ಕಾರು

ಪಕ್ಕದ ಮನೆಯ ಅಜ್ಜಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಸ್ಪತ್ರೆ ನಲವತ್ತು ಕಿಲೋಮೀಟರ್ ದೂರ, ಹೋಗಿಬರುವುದು ಬಸ್ಸಿನಲ್ಲಿ. ಕಳೆದ ತಿಂಗಳು ವಾಪಸ್ ಬರುವಾಗ ಬಸ್ಸಿನ ಮೆಟ್ಟಿಲಲ್ಲೇ ಕುಸಿದುಬಿಟ್ಟರು. ಅವತ್ತೇ ಅವರ ಮಗ, ಬೇಕರಿಯಣ್ಣ, ಕಾರು ಕೊಳ್ಳುವುದೆಂದು ತೀರ್ಮಾನಿಸಿದ. ತೀರ್ಮಾನವೇನೋ ಸರಿ. ಎಡವಟ್ಟಾಗಿದ್ದು ಆಮೇಲೆ.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಒಂದು ಸಂಜೆ ಐದು ಗಂಟೆಗೆ ಬೇಕರಿಯಣ್ಣನ ಹೆಂಡತಿ, ನನ್ನ ಬಾಯಲ್ಲಿ ಅತ್ತಿಗೆ, ಕಾಂಪೌಂಡಿನಾಚೆಯಿಂದ ಕೂಗಿದರು. "ಸ್ವಲ್ಪ ಬಾ. ನನ್ನ ಮಾತಂತೂ ಕಿವಿಗೇ ಹಾಕ್ಕೊಳ್ತಿಲ್ಲ."

ಅಣ್ಣ ಶೋರೂಮಿಗೆ ಹೊರಟು ನಿಂತಿದ್ದ. ಇವತ್ತೇ ಕೊನೆ, ಆರು ಗಂಟೆಯೊಳಗೆ ಮುಂಗಡ ಕಟ್ಟಿದರೆ ಮಾತ್ರ ರಿಯಾಯಿತಿ ಎಂದು ಅಲ್ಲಿಂದ ಮೂರು ಸಲ ಫೋನ್ ಬಂದಿತ್ತಂತೆ. ಮೇಜಿನ ಮೇಲೆ ಬಣ್ಣದ ಹಾಳೆ. ಅದರಲ್ಲಿ ಎತ್ತರದ, ದೊಡ್ಡ ಗಾಡಿ.

"ಓಡಿಸಿ ನೋಡಿದ್ಯಾ ಅಣ್ಣ?"

"ಶೋರೂಮಿನ ಸುತ್ತ ಒಂದು ರೌಂಡ್ ಹಾಕಿಸಿದ್ರು. ಹೋಗಿದ್ದೇ ಗೊತ್ತಾಗ್ಲಿಲ್ಲ."

"ಮೈಲೇಜ್?"

"ಲೀಟರಿಗೆ ಇಪ್ಪತ್ತು. ಹಾಳೇಲೇ ಹಾಕಿದಾರೆ, ನೋಡು."

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. "ಅದು ಕಂಪನಿಯೋರು ಪರೀಕ್ಷೆ ಮಾಡ್ದಾಗ ಬಂದಿದ್ದು ಅಣ್ಣ. ಅಲ್ಲಿ ನಮ್ಮ ಥರ ಗುಂಡಿ ಇಲ್ಲ, ಸಿಗ್ನಲ್ ಇಲ್ಲ. ಆಸ್ಪತ್ರೆ ಹತ್ರ ಟ್ಯಾಕ್ಸಿ ಓಡಿಸೋನೊಬ್ಬ ನನ್ನ ಹತ್ರಾನೇ ಕಲಿತವನು. ಅವನದೂ ಇದೇ ಗಾಡಿ. ಕೇಳೋಣ ತಡಿ."

ಫೋನನ್ನು ಸ್ಪೀಕರಿಗೆ ಹಾಕಿ ಮೈಲೇಜ್ ಕೇಳಿದೆ. "ಟ್ಯಾಂಕ್ ಫುಲ್ ಮಾಡ್ಸಿ, ಓಡ್ಸಿ, ಮತ್ತೆ ಫುಲ್ ಮಾಡ್ಸಿ ಲೆಕ್ಕ ಹಾಕಿದೀನಿ ಟೀಚರ್," ಎಂದ ಅವನು. "ಆಸ್ಪತ್ರೆ ಕಡೆಯ ಏರುದಾರೀಲಿ ಲೀಟರಿಗೆ ಹನ್ನೆರಡು. ಎಸಿ ಹಾಕಿದ್ರೆ ಹನ್ನೊಂದು."

ಅಣ್ಣನ ಮುಖ ಕೆಂಪಾಯಿತು. "ನಾವೊಂದು ಒಳ್ಳೆ ಗಾಡಿ ತಗೊಂಡ್ರೆ ನಿನಗ್ಯಾಕೆ ಸಂಕಟ? ಪೆಟ್ರೋಲ್ ತಾನೆ, ಹೇಗೋ ಹಾಕಿಸಿದ್ರಾಯ್ತು."

"ಹೇಗೋ ಅಂದ್ರೆ ಹೇಗೆ ರೀ?" ಅತ್ತಿಗೆ ಕೇಳಿದರು. "ವಾರಕ್ಕೆ ಇನ್ನೂರ ನಲವತ್ತು ಕಿಲೋಮೀಟರು."

"ಸುಮ್ನಿರು ನೀನು." ಅಣ್ಣ ಚಪ್ಪಲಿ ಮೆಟ್ಟಿದ. ಐದೂವರೆ ಆಗಿತ್ತು.

ಆಗ ಒಳಕೋಣೆಯಿಂದ ಅಜ್ಜಿಯ ದನಿ ಬಂತು. "ಜಗಳ ಬೇಡಪ್ಪಾ. ನಾನು ವಾರಕ್ಕೆ ಎರಡೇ ಸಲ ಹೋಗ್ತೀನಿ. ಒಂದಿನ ಬಿಟ್ರೆ ಏನಾಗಲ್ಲ."

ಒಂದು ದಿನ ಬಿಟ್ಟರೂ ಜೀವಕ್ಕೆ ಅಪಾಯ ಎಂದು ಡಾಕ್ಟರು ಅಣ್ಣನಿಗೆ ಬಿಡಿಸಿ ಹೇಳಿದ್ದರು. ಅವನು ಚಪ್ಪಲಿ ಕಳಚಿ, ಒಳಗೆ ಹೋಗಿ ತಾಯಿಯ ಮಂಚದ ಮೇಲೆ ಕೂತ. ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡದವಳ ಹಾಗೆ ನಿಂತೆ.

ಶೋರೂಮಿನ ಫೋನ್ ಮತ್ತೆ ಬಂತು. "ಇವತ್ತು ಬರಲ್ಲ," ಎಂದ ಅಣ್ಣ. "ನಾಳೆ ನಮ್ಮಮ್ಮನ್ನ ಕರ್ಕೊಂಡು ಬರ್ತೀನಿ. ಗಾಡೀನ ಆಸ್ಪತ್ರೆ ದಾರೀಲಿ ಓಡಿಸಿ ನೋಡ್ಬೇಕು. ಆಗಲ್ಲ ಅಂದ್ರೆ ಬೇರೆ ಕಡೆ ಹೋಗ್ತೀನಿ."

ಮರುದಿನ ಆ ದೊಡ್ಡ ಗಾಡಿಗೆ ಅಜ್ಜಿಯನ್ನು ಹತ್ತಿಸಲು ಇಬ್ಬರು ಬೇಕಾಯಿತು. ಅದನ್ನು ಅಲ್ಲೇ ಬಿಟ್ಟೆವು. ಇನ್ನೊಂದು ಕಡೆ ಚಿಕ್ಕದೊಂದು ಕಾರಿತ್ತು. ಅಜ್ಜಿ ತಾವೇ ಬಾಗಿಲು ತೆಗೆದು ಕೂತರು, ಆಸ್ಪತ್ರೆ ದಾರಿಯಲ್ಲಿ ಓಡಿಸಿ ನೋಡಿ ಬಂದ ಮೇಲೆ ತಾವೇ ಇಳಿದರು. ಅದೇ ಕಾರು ಇಟ್ಟುಕೊಂಡ ನಾಲ್ವರನ್ನು ವಿಚಾರಿಸಿದೆವು. ಹೆಚ್ಚುಕಮ್ಮಿ ಹದಿನೆಂಟು ಕೊಡುತ್ತದೆ ಎಂದರು. ಸರ್ವೀಸಿನ ಖರ್ಚು ಕೇಳಿದೆವು, ಏರ್‌ಬ್ಯಾಗ್ ಎಷ್ಟಿವೆ, ಸುರಕ್ಷತಾ ಪರೀಕ್ಷೆಯಲ್ಲಿ ಎಷ್ಟು ಸ್ಟಾರ್ ಬಂದಿದೆ ಎಂದು ನೋಡಿದೆವು. ಆಮೇಲೆಯೇ ಅಣ್ಣ ಸಹಿ ಹಾಕಿದ್ದು. ಅಂದಹಾಗೆ, ಮೊದಲಿನ ಶೋರೂಮಿನ 'ಕೊನೆಯ ದಿನದ' ರಿಯಾಯಿತಿ ಮುಂದಿನ ವಾರವೂ ಇತ್ತು.

ಕಾರು ಬಂದಾಗಿನಿಂದ ಅಜ್ಜಿ ಒಂದು ದಿನವೂ ಡಯಾಲಿಸಿಸ್ ತಪ್ಪಿಸಿಲ್ಲ.

ನೀವೂ ಕಾರು ಕೊಳ್ಳಬೇಕೆಂದಿದ್ದರೆ, ಮೊದಲು ವಾರಕ್ಕೆ ಎಷ್ಟು ಓಡಾಟ ಎಂದು ಬರೆದುಕೊಳ್ಳಿ. ಹಾಳೆಯನ್ನಷ್ಟೇ ನಂಬಬೇಡಿ, ಅದೇ ಗಾಡಿ ಓಡಿಸುವವರನ್ನು ಕೇಳಿ. ಕೂರುವವರನ್ನು ಕೂರಿಸಿಕೊಂಡು ನಿಮ್ಮ ದಾರಿಯಲ್ಲೇ ಓಡಿಸಿ ನೋಡಿ. ಇವತ್ತೇ ಕೊನೆ ಎಂದು ಯಾರಾದರೂ ಅವಸರ ಮಾಡಿದರೆ ಸುಮ್ಮನೆ ಮನೆಗೆ ಬನ್ನಿ. ನಿಮಗೆ ಭಾರವಾಗಬಾರದೆಂದು ತಮಗೆ ಬೇಕೇಬೇಕಾದ್ದನ್ನು ಬೇಡ ಎನ್ನುವವರು ನಿಮ್ಮ ಮನೆಯಲ್ಲೂ ಇರಬಹುದು. ಸಹಿ ಹಾಕುವ ಮೊದಲು ಅವರ ಹತ್ತಿರ ಕೂತು ಮಾತಾಡಿ.