ನೂರಾ ಎಪ್ಪತ್ತೆರಡು, ಚಿಲ್ಲರೆ

ನನ್ನ ಮಗಳನ್ನು ಎಲ್ಲರೂ ಕರೆಯುವುದು ಚಿಲ್ಲರೆ ಎಂದು. ಹೊಸಬರು ಕೇಳಿದರೆ ಮುಖ ಸಿಂಡರಿಸುತ್ತಾರೆ. “ಅಯ್ಯೋ, ಹೆತ್ತ ಮಗಳಿಗೆ ಯಾರಾದ್ರೂ ಅಂಥಾ ಹೆಸರಿಡ್ತಾರಾ?” ಎನ್ನುತ್ತಾರೆ. ಇಟ್ಟವಳು ನಾನೇ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ತೂಕ ಹಾಕಿದ ನರ್ಸು “ಒಂದು ಕೆಜಿ, ಚಿಲ್ಲರೆ” ಅಂದಳು. ಬರೀ ಒಂದು ಕೆಜಿ ಆಗಿದ್ದರೆ ಕಷ್ಟವಿತ್ತು, ಆ ಚಿಲ್ಲರೆಯೇ ಕೂಸನ್ನು ಉಳಿಸುತ್ತದೆ ನೋಡಿ ಎಂದರು ಡಾಕ್ಟರು. ಉಳಿಸಿತು. ಅಂದಿನಿಂದ ಚಿಲ್ಲರೆ ಎಂದರೆ ಏನೂ ಅಲ್ಲ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಕೋಪ ನನಗೆ ಮೊದಲೇ ಮೂಗಿನ ತುದಿಯಲ್ಲಿ.

ನಮ್ಮದು ಮರದ ಮೆಟ್ಟಿಲು ಮಾಡುವ ಶೆಡ್ಡು. ಇವರು, ಅಂದರೆ ನನ್ನ ಯಜಮಾನರು, ಹಲಗೆ ಕೊಯ್ದು ಜೋಡಿಸುತ್ತಾರೆ. ನಾನು ಮರ ಉಜ್ಜಿ ಪಾಲಿಶ್ ಹಚ್ಚುತ್ತೇನೆ. ಮಗಳು ಜಾಗಕ್ಕೆ ಹೋಗಿ ಅಳತೆ ತಂದು, ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಹಾಕುತ್ತಾಳೆ. ಒಟ್ಟು ಎತ್ತರ, ಮೆಟ್ಟಿಲು ಎಷ್ಟು ಎಂದು ಹಾಕಿದರೆ ಸಾಕು, ಯಾವ ಗುರುತು ಎಲ್ಲಿ ಹಾಕಬೇಕೆಂದು ಹಾಳೆಯೇ ಹೇಳುತ್ತದೆ. ಇವರಿಗೆ ಭುಜದ ನೋವು ಜಾಸ್ತಿಯಾದ ಮೇಲೆ ಒಂದು ದಿನ ಮಗಳನ್ನು ಕೂರಿಸಿಕೊಂಡು ಅಂದರು: “ಮುಂದಿನ ಕೆಲಸ ಪೂರ್ತಿ ನಿಂದು. ಸರಿಹೋದ್ರೆ ಶೆಡ್ಡೂ ನಿಂದೇ. ಎಡವಟ್ಟಾದ್ರೆ ಇದನ್ನ ಮುಚ್ಚಿ ಮನೇಲಿ ಕೂರ್ತೀನಿ.”

ಮುಂದಿನ ಕೆಲಸ ಎಲ್ಲಿಂದ ಬಂತು ಗೊತ್ತೇ? ಕಣ್ಣು ಕಾಣದ ಮಕ್ಕಳ ಶಾಲೆಯಿಂದ. ಅಲ್ಲಿದ್ದ ಹಳೆಯ ಮೆಟ್ಟಿಲಲ್ಲಿ ಕೊನೆಯದು ಉಳಿದವಕ್ಕಿಂತ ಒಂಚೂರು ಎತ್ತರ. ಅದಕ್ಕೆ ಕಾಲು ತಾಗಿ ಬಿದ್ದು ಒಬ್ಬ ಹುಡುಗಿ ಮುಂದಿನ ಹಲ್ಲು ಕಳೆದುಕೊಂಡಿದ್ದಳು. ಹೆಡ್‌ಮೇಷ್ಟ್ರಿಗೂ ಕಣ್ಣಿಲ್ಲ. ಅವರ ಷರತ್ತು ಒಂದೇ: “ಕಂಬಿ ಹಿಡಿಯದೆ ನಾನೇ ಹತ್ತಿ ನೋಡ್ತೀನಮ್ಮ. ಎಲ್ಲಾದ್ರೂ ಕಾಲು ತಡವರಿಸಿದ್ರೆ ಮೆಟ್ಟಿಲು ವಾಪಸ್ ತಗೊಂಡು ಹೋಗಿ.”

ಇಪ್ಪತ್ತು ಮೆಟ್ಟಿಲು. ಹಾಳೆ ಕೊಟ್ಟ ಅಂಕಿ ಹಿಡಿದು ಇವರು, ಮೆಟ್ಟಿಲುಗಳನ್ನು ಎರಡೂ ಪಕ್ಕದಿಂದ ಹೊರುವ ಉದ್ದ ಹಲಗೆಗಳಲ್ಲಿ ಮೊದಲನೆಯದನ್ನು ಕೊಯ್ದರು. ಶೆಡ್ಡಿನ ಗೋಡೆಯ ಮೇಲೆ ಶಾಲೆಯ ಮಹಡಿ ಬರುವ ಎತ್ತರಕ್ಕೆ ಸರಿಯಾಗಿ ಮಗಳು ಗೆರೆ ಎಳೆದಿದ್ದಳು. ಹಲಗೆಯನ್ನು ಎತ್ತಿ ನಿಲ್ಲಿಸಿದೆವು. ಅದರ ತುದಿ ಗೆರೆಯನ್ನು ಮುಟ್ಟಲಿಲ್ಲ.

ಮಗಳು ಟೇಪು ಹಿಡಿದಳು. ಎಂಟು ಮಿಲಿಮೀಟರ್ ಕಡಿಮೆ. ಹೋಗಿ ಕಂಪ್ಯೂಟರಿನ ಮುಂದೆ ಕೂತವಳು ಸ್ವಲ್ಪ ಹೊತ್ತಿಗೇ ಹಣೆ ಚಚ್ಚಿಕೊಂಡಳು.

“ಪ್ರತಿ ಮೆಟ್ಟಿಲಿಗೂ ನೂರಾ ಎಪ್ಪತ್ತೆರಡು ಪಾಯಿಂಟ್ ನಾಲ್ಕು ಬರ್ಬೇಕು. ಗರಗಸಕ್ಕೆ ಅಷ್ಟು ಸಣ್ಣದು ಯಾಕೆ ಅಂತ ಮೊದಲೇ ಪಾಯಿಂಟ್ ಹಾರಿಸಿ, ಆಮೇಲೆ ಕೂಡಿಸಿದ್ದೀನಮ್ಮ. ಒಂದೊಂದರಲ್ಲೂ ಚೂರುಚೂರು ಹೋಗಿ, ಇಪ್ಪತ್ತಕ್ಕೆ ಎಂಟಾಯ್ತು.”

“ಹನಿಗೂಡಿದರೆ ಹಳ್ಳ ಅಂತ ಸುಮ್ನೆ ಅಂದ್ರಾ? ಚಿಲ್ಲರೆ ಅಂತ ಹೆಸರಿಟ್ಟುಕೊಂಡು ಚಿಲ್ಲರೇನೇ ಬಿಟ್ಟೆಯಲ್ಲೇ!” ಎಂದೆ. ನಗಬಾರದಿತ್ತು, ನಗು ಬಂದುಬಿಟ್ಟಿತು.

ಇವರು ನಗಲಿಲ್ಲ. ಒಳ್ಳೆಯ ಮರ, ಅಂಥ ಉದ್ದದ ಹಲಗೆ ಮತ್ತೆ ಸಿಗುವುದು ಸುಲಭವಲ್ಲ. “ಎಂಟು ಮಿಲಿಮೀಟರ್ ತಾನೇ? ತುದೀಲಿ ಒಂದು ಪಟ್ಟಿ ಬಡಿದ್ರೆ ಆಯ್ತು. ಯಾರಿಗೆ ಕಾಣುತ್ತೆ?” ಎಂದರು.

“ಅಲ್ಲಿ ಯಾರಿಗೂ ಕಾಣಲ್ಲ ಅಪ್ಪ. ಅದಕ್ಕೇ ಕಾಲಿಗೆ ಗೊತ್ತಾಗುತ್ತೆ. ಹಳೇದರಲ್ಲಿ ಆ ಹುಡುಗಿ ಬಿದ್ದಿದ್ದೂ ಕೊನೇ ಮೆಟ್ಟಿಲಲ್ಲೇ.”

“ಹಾಗಾದ್ರೆ ಕೊಯ್ದಿದ್ದನ್ನ ಏನ್ಮಾಡ್ಲಿ? ಒಲೆಗೆ ಹಾಕ್ಲಾ?”

“ಬೆಂಚು ಮಾಡಿ. ತಪ್ಪು ನಂದು. ಆದ್ರೆ ಇದನ್ನ ಮಾತ್ರ ಅಲ್ಲಿಗೆ ಕಳಿಸಲ್ಲ.”

ಶೆಡ್ಡು ಕೈತಪ್ಪಿತು ಎಂದೇ ಅವಳ ಲೆಕ್ಕ. ಆದರೂ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. “ಇನ್ನೊಂದು ಹಲಗೆ ತರಿಸ್ರೀ. ಕೆಲಸ ಅವಳದ್ದು ಅಂತ ಹೇಳಿದ್ದು ನೀವೇ ತಾನೇ?” ಎಂದು ಇವರ ಮೇಲೆ ಏರಿಹೋದೆ. ಗೊಣಗುತ್ತಲೇ ತರಿಸಿದರು.

ಮಗಳು ಹಾಳೆಯನ್ನು ಹೊಸದಾಗಿ ಬರೆದಳು. ಲೆಕ್ಕದ ಒಳಗೆ ಪಾಯಿಂಟನ್ನು ಮುಟ್ಟಲೇ ಇಲ್ಲ. ಎಷ್ಟನೆಯ ಮೆಟ್ಟಿಲೋ ಅಷ್ಟರಿಂದ ಗುಣಿಸಿ, ನೆಲದಿಂದ ಅದರ ಎತ್ತರ ತೆಗೆದು, ಕಟ್ಟಕಡೆಗೆ ಮಾತ್ರ ಹತ್ತಿರದ ಮಿಲಿಮೀಟರಿಗೆ ತಂದಳು. ಇವರಿಗೆ ಒಂದು ಮೆಟ್ಟಿಲಿನ ಗುರುತಿನಿಂದ ಮುಂದಿನದನ್ನು ಅಳೆಯುವ ಅಭ್ಯಾಸ. ಕೈ ಹಿಡಿದು ನಿಲ್ಲಿಸಿದಳು. “ಎಲ್ಲಾ ಗುರುತೂ ನೆಲದಿಂದಲೇ ಅಪ್ಪ. ಟೇಪು ಕೆಳಗಿಂದ ಏಳಕೂಡದು.”

ಇವರು ಹಾಳೆಯಲ್ಲಿ ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟು ಅಂತರ ಎಂದು ಕಳೆದು ನೋಡಿ ಹುಬ್ಬು ಗಂಟಿಕ್ಕಿದರು. “ಇದೇನೇ ಇದು? ಒಂದು ನೂರಾ ಎಪ್ಪತ್ತೆರಡು, ಇನ್ನೊಂದು ನೂರಾ ಎಪ್ಪತ್ತಮೂರು! ಸಮ ಎಲ್ಲಿ ಬಂತು?”

“ಒಂದು ಮಿಲಿಮೀಟರ್ ಯಾವ ಕಾಲಿಗೂ ತಿಳಿಯಲ್ಲ. ಎಂಟೂ ಒಂದೇ ಕಡೆ ಕೂತ್ರೆ ಹಲ್ಲು ಹೋಗುತ್ತೆ. ಚಿಲ್ಲರೇನ ಬಿಟ್ಟಿಲ್ಲ, ಎಲ್ಲಾ ಮೆಟ್ಟಿಲಿಗೂ ಹಂಚಿದ್ದೀನಿ.”

ಈ ಸಲ ಹಲಗೆಯ ತುದಿ ಗೋಡೆಯ ಗೆರೆಯ ಮೇಲೆ ಬಂದು ಕೂತಿತು. ಇವರು ಗೆರೆಯ ಮೇಲೆ ಉಗುರು ಆಡಿಸಿ ನೋಡಿ, ಎರಡನೆಯ ಹಲಗೆಗೆ ಗುರುತು ಹಾಕಲು ನೆಲದಿಂದಲೇ ಟೇಪು ಹಿಡಿದರು.

ಶಾಲೆಯಲ್ಲಿ ಮೆಟ್ಟಿಲು ಕೂರಿಸಿದ ದಿನ ಮೇಷ್ಟ್ರು ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ನಿಂತರು. ಕಂಬಿ ಮುಟ್ಟಲಿಲ್ಲ. ಒಂದೇ ಸಮನೆ ಹತ್ತತೊಡಗಿದರು. ಮಗಳು ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಬಿತ್ತು. ಕೊನೆಯ ಮೆಟ್ಟಿಲ ಹತ್ತಿರ ಮೇಷ್ಟ್ರು ಒಂದು ಗಳಿಗೆ ನಿಂತರು. ಆಮೇಲೆ ಕಾಲೆತ್ತಿ ಮಹಡಿಯ ಮೇಲಿಟ್ಟು, ತಿರುಗಿ, ಜೋರಾಗಿ ನಕ್ಕರು.

“ಹಳೇ ಅಭ್ಯಾಸ ನೋಡಿ. ಕೊನೇದು ಬಂತು ಅಂತ ಮೊಣಕಾಲು ಬಿಗಿ ಹಿಡೀತು. ಸುಮ್ನೆ ಹಿಡೀತು! ಪ್ರತಿ ಮೆಟ್ಟಿಲಿಗೆ ಎಷ್ಟು ಎತ್ತರ ಇಟ್ಟಿದ್ದೀರಿ?”

ಮಗಳು ಬಾಯಿ ತೆರೆಯುವ ಮೊದಲೇ ಇವರು ಕೆಳಗಿನಿಂದ ಕೂಗಿ ಹೇಳಿದರು. “ನೂರಾ ಎಪ್ಪತ್ತೆರಡು ಮಿಲಿಮೀಟರ್... ಚಿಲ್ಲರೆ.”

“ಚಿಲ್ಲರೆ ಬಿಡಿ, ಪರವಾಗಿಲ್ಲ,” ಎಂದರು ಮೇಷ್ಟ್ರು.

“ಬಿಡೋ ಹಾಗಿಲ್ಲ ಸಾರ್,” ಎಂದರು ಇವರು, ಮಗಳ ಕಡೆ ನೋಡುತ್ತಾ. “ಇವತ್ತಿಂದ ಶೆಡ್ಡು ಅವಳದ್ದೇ.”

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೀರಾ? ಅನ್ನಿ, ಧಾರಾಳವಾಗಿ ಅನ್ನಿ. ಆದರೆ ಮೊದಲು ಆ ಮೆಟ್ಟಿಲನ್ನು ಕಣ್ಣು ಮುಚ್ಚಿಕೊಂಡು ಒಂದು ಸಲ ಹತ್ತಿ ಬನ್ನಿ.